ಒಳಗಿನದು ಒಳಗೆ, ಹೊರಗಿನದು ಹೊರಗೆ

ನಾನು ಒಂದು ಪೊರೆ. ಹೀಗೆಂದ ಕೂಡಲೇ ನಿಮಗೆ ಈರುಳ್ಳಿಯ ಸಿಪ್ಪೆಯೋ ಚಾಕಲೇಟು ಸುತ್ತಿದ ಕಾಗದವೋ ನೆನಪಾಗುತ್ತದೆ ಎಂದು ನನಗೆ ಗೊತ್ತು. ಬಿಚ್ಚಿ ಎಸೆಯುವುದಕ್ಕೆಂದೇ ಇರುವ ವಸ್ತು ಎಂಬ ಸಸಾರ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಬಿಚ್ಚಿದರೆ ಒಳಗೆ ಎನ್ನುವುದೇ ಉಳಿಯುವುದಿಲ್ಲ. ನಾನಿರುವವರೆಗೆ ಮಾತ್ರ ಒಂದು ಒಳಗು, ಒಂದು ಹೊರಗು.

ನಾನು ಆವರಿಸಿಕೊಂಡಿರುವುದು ಒಂದು ಕೆಂಪು ರಕ್ತಕಣವನ್ನು. ನನ್ನಂಥ ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಿಮ್ಮ ಒಂದು ತಲೆಗೂದಲಿನ ದಪ್ಪ ಬಂದೀತು. ಕಣ್ಣಿಲ್ಲ, ಕಿವಿಯಿಲ್ಲ. ಹಾಗಾದರೆ ಇದನ್ನೆಲ್ಲ ಹೇಗೆ ಕಂಡೆ, ಹೇಗೆ ಕೇಳಿದೆ ಎಂದು ಪಟ್ಟು ಹಿಡಿಯಬೇಡಿ. ಆತ್ಮಕಥೆ ಹೇಳುವವರಿಗೆ ಅಷ್ಟು ರಿಯಾಯಿತಿ ಇರಲಿ.

ನಾನು ಹುಟ್ಟಿದ್ದು ಕುಂದಾಪುರದ ಹೆನ್ರಿ ಕ್ರಾಸ್ತಾ ಎಂಬವರ ಸೊಂಟದ ಮೂಳೆಯೊಳಗಿನ ಮಜ್ಜೆಯಲ್ಲಿ. ಅವರಿಗೆ ಒಂದು ಬೇಕರಿ ಇದೆ. ಹುಟ್ಟಿದ್ದು ಎಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ಪೊರೆ ಎಂದೂ ಶೂನ್ಯದಿಂದ ಹುಟ್ಟುವುದಿಲ್ಲ. ಇದ್ದ ಪೊರೆಯೇ ಬೆಳೆದು, ನಡು ಕಿರಿದಾಗಿ, ಎರಡಾಗುತ್ತದೆ. ನನ್ನ ಹಿಂದಿನದಕ್ಕೆ ಅದರ ಹಿಂದಿನದು, ಅದಕ್ಕೆ ಹೆನ್ರಿಯವರ ತಾಯಿಯ ಅಂಡದ ಪೊರೆ, ಅದಕ್ಕೆ ಅವರ ಅಜ್ಜಿಯದು. ಹೀಗೆ ಹಿಂದೆ ಹಿಂದೆ ಹೋದರೆ ಭೂಮಿಯ ಮೇಲೆ ಮೀನೂ ಇರದ ಕಾಲದ ಯಾವುದೋ ಬೆಚ್ಚನೆಯ ನೀರಿಗೆ ಹೋಗಿ ಮುಟ್ಟುತ್ತೇವೆ. ನಡುವೆ ಒಂದೇ ಒಂದು ಕಡೆ ಹರಿದಿದ್ದರೂ ನಾನಿಲ್ಲ, ನೀವೂ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನನ್ನ ಮೈಯೆಲ್ಲ ಎಣ್ಣೆಯ ಜಾತಿಯ ಕಣಗಳು. ಒಂದೊಂದಕ್ಕೂ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಪ್ರೀತಿ, ಬಾಲಗಳಿಗೆ ನೀರೆಂದರೆ ಆಗದು. ಒಂದೇ ಮೈಯಲ್ಲಿ ಇಷ್ಟು ಜಗಳವಿದ್ದರೆ ಸಂಸಾರ ನಡೆಯುವುದು ಹೇಗೆ? ನಡೆಯುತ್ತದೆ. ಕಣಗಳೆಲ್ಲ ಎರಡು ಸಾಲಾಗಿ ನಿಲ್ಲುತ್ತವೆ. ಒಂದು ಸಾಲಿನ ತಲೆ ಹೊರಗಿನ ನೀರಿಗೆ, ಇನ್ನೊಂದರ ತಲೆ ಒಳಗಿನ ನೀರಿಗೆ, ಬಾಲಗಳೆಲ್ಲ ನಡುವಿನ ಒಣ ಜಾಗದಲ್ಲಿ. ಯಾರೂ ಹೊಲಿಯಲಿಲ್ಲ, ಅಂಟಿಸಲಿಲ್ಲ. ಸೂಜಿಮೊನೆಯಷ್ಟು ತೂತಾದರೆ ತಾವೇ ಸರಿದು ಮುಚ್ಚಿಕೊಳ್ಳುತ್ತವೆ. ನಾನು ಗೋಡೆಯಲ್ಲ, ಹರಿದಾಡುವ ಜನಸಂದಣಿ. ಆ ಸಂದಣಿ ಚದುರದಂತೆ ಒಳಬದಿಯಲ್ಲಿ ಮೀನಿನ ಬಲೆಯಂಥ ಒಂದು ಹೆಣಿಗೆ ಇದೆ. ಆದ್ದರಿಂದಲೇ ನಾನು ಎಷ್ಟು ಹಿಂಡಿದರೂ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತೇನೆ.

ಮಜ್ಜೆಯಿಂದ ಹೊರಡುವ ಮುಂಚೆ ಒಂದು ಅಗಲಿಕೆಯಾಯಿತು. ನನ್ನೊಳಗೆ ಒಂದು ಕೋಶಕೇಂದ್ರವಿತ್ತು. ಮನೆಯ ಯಜಮಾನ ಎನ್ನಿ. ಆಮ್ಲಜನಕ ಹೊರುವವರಿಗೆ ಯಜಮಾನ ಭಾರ ಎಂದು ಅವನನ್ನು ಹೊರಗೆ ಕಳಿಸುವ ಪದ್ಧತಿ ನಮ್ಮಲ್ಲಿ. ಹೋಗುವಾಗ ನನ್ನದೇ ಒಂದು ತುಂಡನ್ನು ಹೊದ್ದು ಹೋದ. ಅವನು ಹೋದ ಮೇಲೆ ನನ್ನಲ್ಲಿ ಏನು ಹಾಳಾದರೂ ಹೊಸದು ಮಾಡಿಸಿಕೊಳ್ಳುವ ದಾರಿ ಇಲ್ಲ. ಇದ್ದುದರಲ್ಲೇ ಸುಮಾರು ನಾಲ್ಕು ತಿಂಗಳು ಸಾಗಿಸಬೇಕು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೆನ್ರಿಯವರ ಮೈಯಲ್ಲಿ ನನ್ನ ದಿನಗಳು ಭರ್ಜರಿಯಾಗಿದ್ದವು. ಒಲೆಯ ಮುಂದೆ ಅವರು ಬ್ರೆಡ್ಡಿನ ತಟ್ಟೆ ಎಳೆಯುವಾಗ ತೋಳಿಗೆ ಓಡು, ಮೆಟ್ಟಿಲು ಹತ್ತುವಾಗ ತೊಡೆಗೆ ಓಡು. ಕೊನೆಕೊನೆಯ ನಾಳಗಳು ನನಗಿಂತ ಸಪೂರ. ಮೈ ಮಡಚಿ, ಉದ್ದವಾಗಿ, ಒಬ್ಬರ ಹಿಂದೆ ಒಬ್ಬರು ನುಸುಳಬೇಕು. ನನ್ನ ಕೆಲಸ ಬಾಗಿಲು ಕಾಯುವುದು. ನನ್ನ ಮೈತುಂಬ ಬಾಗಿಲುಗಳಿವೆ, ಒಂದೊಂದಕ್ಕೂ ಒಂದೊಂದು ಹಟ. ನೀರಿನ ಬಾಗಿಲು ನೀರನ್ನು ಬಿಟ್ಟು ಬೇರೇನನ್ನೂ ಬಿಡುವುದಿಲ್ಲ. ಸಕ್ಕರೆಯ ಬಾಗಿಲು ಸಕ್ಕರೆಯನ್ನು ಕೈಹಿಡಿದು ಒಳಗೆ ತರುತ್ತದೆ. ಆಮ್ಲಜನಕ ಮಾತ್ರ ಯಾರನ್ನೂ ಕೇಳುವುದಿಲ್ಲ, ನನ್ನ ಎಣ್ಣೆಯೊಳಗೇ ಕರಗಿ ದಾಟಿಬಿಡುತ್ತದೆ. ಅದಕ್ಕೆ ಎಲ್ಲ ಮನೆಯೂ ತನ್ನ ಮನೆಯೇ.

ಇನ್ನು ಉಪ್ಪು. ಹೊರಗಿನ ರಕ್ತದ ನೀರಿನಲ್ಲಿ ಉಪ್ಪಿನಂಶ ಬಹಳ. ಅದು ಹೇಗೋ ಸಂದಿಯಲ್ಲಿ ನನ್ನೊಳಗೆ ನುಸುಳುತ್ತಲೇ ಇರುತ್ತದೆ. ನನ್ನ ಪಂಪುಗಳು ಅದನ್ನು ಹಿಡಿದು ಹಿಡಿದು ಹೊರಗೆ ಎಸೆಯುತ್ತಲೇ ಇರುತ್ತವೆ. ದೋಣಿಗೆ ನುಗ್ಗುವ ನೀರನ್ನು ಗೋರಿ ಗೋರಿ ಚೆಲ್ಲುವ ಹಾಗೆ. ಒಂದು ಗಳಿಗೆ ಸುಮ್ಮನಿದ್ದರೆ ಉಪ್ಪಿನ ಬೆನ್ನಿಗೆ ನೀರೂ ಬಂದು ನಾನು ಉಬ್ಬಿ ಒಡೆದೇ ಹೋಗುತ್ತೇನೆ. ನೀವು ಸುಮ್ಮನೆ ಕೂತಿದ್ದೀರಿ ಎಂದು ನೀವು ಅಂದುಕೊಂಡಾಗಲೂ ನಿಮ್ಮೊಳಗೆ ಕೋಟಿ ಕೋಟಿ ಪೊರೆಗಳು ಹೀಗೆ ನೀರು ಗೋರುತ್ತಿರುತ್ತವೆ. ಸುಮ್ಮನಿರುವುದು ಎಂಬುದು ಇದೆಯಲ್ಲ, ಅದು ಸತ್ತವರಿಗೆ ಮಾತ್ರ ಸಾಧ್ಯ.

ನನ್ನ ಹೊರಮೈಯಲ್ಲಿ ಸಕ್ಕರೆಯ ಸಣ್ಣ ಸಣ್ಣ ಗರಿಗಳಿವೆ. ಅವೇ ನನ್ನ ಗುರುತು. ಎ ಎಂಬ ಗರಿ, ಬಿ ಎಂಬ ಗರಿ ಕೆಲವರಿಗೆ ಇರುತ್ತದೆ. ನನಗೆ ಎರಡೂ ಇಲ್ಲ. ಆರ್‌ಎಚ್ ಎಂದು ಹೆಸರಾದ ಗುರುತೂ ಇಲ್ಲ. ಇಲ್ಲದಿರುವುದೇ ದೊಡ್ಡಸ್ತಿಕೆಯಾದ ಅಪರೂಪದ ಜಾಗ ಇದು. ಏನೂ ಇಲ್ಲದ ನನ್ನನ್ನು ಯಾರ ಮೈಯೂ ಪರಕೀಯ ಎಂದು ಓಡಿಸುವುದಿಲ್ಲ. ಆದರೆ ನಮ್ಮಂಥವರ ಮೈಗೆ ನಮ್ಮಂಥವರೇ ಆಗಬೇಕು. ಹೆನ್ರಿಯವರ ಗುಂಪಿನವರು ಊರಿನಲ್ಲಿ ವಿರಳ. ಅದಕ್ಕಾಗಿ ಅವರು ಆಗಾಗ ಬೇಕರಿಯ ಬಾಗಿಲು ಅರ್ಧ ಎಳೆದು ರಕ್ತ ಕೊಟ್ಟು ಬರುತ್ತಿದ್ದರು. ನನ್ನ ನಡುವಯಸ್ಸಿನಲ್ಲಿ ಅಂಥ ಒಂದು ದಿನ ಬಂತು. ಸೂಜಿಯೊಳಗೆ ಹರಿದು, ಒಂದು ಪ್ಲಾಸ್ಟಿಕ್ ಚೀಲಕ್ಕೆ ಬಿದ್ದೆ.

ಚೀಲದಲ್ಲಿ ಹೃದಯ ಇಲ್ಲ. ಯಾರೂ ತಳ್ಳುವುದಿಲ್ಲ. ರಕ್ತನಿಧಿಯ ಫ್ರಿಜ್ಜಿನ ಚಳಿಯಲ್ಲಿ ನನ್ನ ಪಂಪುಗಳು ತೂಕಡಿಸಿದವು. ಒಳಗಿನ ಸರಕು ಸ್ವಲ್ಪ ಸ್ವಲ್ಪವೇ ಹೊರಗೆ ಸೋರಿತು, ಹೊರಗಿನದು ಒಳಗೆ ಬಂತು. ಎಣ್ಣೆಯ ಕಣಗಳು ಹೆಪ್ಪುಗಟ್ಟದಂತೆ ನಡುನಡುವೆ ನಿಂತ ಕೊಲೆಸ್ಟ್ರಾಲ್ ಮಾತ್ರ ನನ್ನ ಮರ್ಯಾದೆ ಉಳಿಸಿತು. ನಿಮ್ಮಲ್ಲಿ ಅದರ ಹೆಸರು ಕೇಳಿದರೆ ಎಲ್ಲರೂ ಹೆದರುತ್ತೀರಿ, ಪಾಪ. ನನ್ನನ್ನು ಕೇಳಿದರೆ ಅದಕ್ಕೊಂದು ನಮಸ್ಕಾರ.

ಹೀಗಿರುವಾಗ ಒಂದು ಬೇಸಗೆಯ ಮಧ್ಯಾಹ್ನ ನಮ್ಮನ್ನು ಕೇಳಿಕೊಂಡು ಲಚ್ಚಕ್ಕ ಬಂದರು.

ಲಚ್ಚಕ್ಕ ಬಂದರಿನ ಊರಿನವರು. ಮೀನು ಮಾರಿಯೇ ಮಗನನ್ನು ಬೆಳೆಸಿದವರು. ಆ ಮಗ ಆಳಸಮುದ್ರದ ಬೋಟಿನಲ್ಲಿ ಹೋಗಿದ್ದ, ಫೋನಿಗೂ ಸಿಕ್ಕಿರಲಿಲ್ಲ. ಸೊಸೆ ಜಲಜಳಿಗೆ ಅಂದು ಬೆಳಿಗ್ಗೆ ಊರಿನ ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಹೆಣ್ಣು ಮಗು ಚೆನ್ನಾಗಿತ್ತು. ತಾಯಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಔಷಧಿ ಕೊಟ್ಟು, ಹೊಟ್ಟೆ ಒತ್ತಿ ಹಿಡಿದು ಡಾಕ್ಟರು ಅದನ್ನು ನಿಲ್ಲಿಸುವ ಹೊತ್ತಿಗೆ ಜಲಜ ಬಿಳುಚಿ ಕಾಗದದಂತಾಗಿದ್ದಳು. ಅವಳದೂ ನಮ್ಮದೇ ಗುಂಪು. ರಕ್ತನಿಧಿಯಲ್ಲಿ ಆ ಗುಂಪಿನ ಚೀಲ ಇದ್ದದ್ದು ಎರಡೇ. ಒಂದು ನಮ್ಮದು, ಇನ್ನೊಂದು ಬೇರೊಬ್ಬರದು. ದೂರದ ಊರಿನಿಂದ ಇನ್ನಷ್ಟು ಬರುವುದಿತ್ತು, ಆದರೆ ಸಂಜೆಯಾಗುತ್ತದೆ ಎಂದಿದ್ದರು. ಅಲ್ಲಿಯವರೆಗೆ ಅವಳನ್ನು ಉಳಿಸಬೇಕಾದವರು ನಾವು.

ಎರಡೂ ಚೀಲಗಳನ್ನು ಒಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು, ನಮ್ಮದು ಮೇಲೆ ಬರುವಂತೆ ಇಟ್ಟು, ನಡುವೆ ರಟ್ಟಿಟ್ಟು, ಐಸಿನ ಎರಡು ಪ್ಯಾಕು ಸೇರಿಸಿ ಕೊಟ್ಟರು. ತಣ್ಣಗಿರಲಿ, ಬಿಸಿಲು ತಾಗಿಸಬೇಡಿ ಎಂದರು. ಲಚ್ಚಕ್ಕ ಬಂದದ್ದು ಮೀನು ಸಾಗಿಸುವ ಟೆಂಪೋದಲ್ಲಿ. ಅದನ್ನು ಓಡಿಸುವವನು ನೆರೆಮನೆಯ ಸುರೇಂದ್ರ. ಗಾಡಿ ಹೊರಟು ಸ್ವಲ್ಪ ದೂರ ಹೋದ ಮೇಲೆ ಅವರು ಮುಚ್ಚಳ ತೆಗೆದು ನೋಡಿದರು.

"ಎಂತ ಮರಾಯಾ ಇದ್? ಇಷ್ಟ್ ಐಸಿಗೆ ಒಂದ್ ಬಂಗ್ಡೆ ಮೀನ್ ಸೈತ ಉಳುದಿಲ್ಲೆ."

"ಅವ್ರೇ ಹಾಕಿ ಕೊಟ್ಟದ್ದಲ್ದಾ ಲಚ್ಚಕ್ಕ, ಬಿಡಿ" ಎಂದ ಸುರೇಂದ್ರ.

"ಅವ್ರಿಗೆ ಎಸಿ ಕೋಣೆ ಇತ್ತ್. ನಮ್ದ್ ಬಿಸ್ಲ್ ದಾರಿ. ಅಂಜಲ್ ಪೆಟ್ಟಿಗೆ ಐಸ್ ಸ್ವಲ್ಪ ಇಲ್ಲಿಗ್ ಕೊಡ್."

ಅಂಜಲ್ ದುಬಾರಿ ಮೀನು. ಅದನ್ನು ದೂರ ಕಳಿಸುವಾಗ ಪುಡಿ ಐಸಿನ ಮೇಲೆ ಹಿಡಿ ಹಿಡಿ ಕಲ್ಲುಪ್ಪು ಎರಚುವುದು ಅವರ ಕ್ರಮ. ಉಪ್ಪು ಬಿದ್ದ ಐಸಿನ ಚಳಿ ಬರೀ ಐಸಿಗಿಂತ ಎಷ್ಟೋ ಹೆಚ್ಚು. ಬದುಕಿನುದ್ದಕ್ಕೂ ಬೆಲೆಬಾಳುವುದನ್ನು ಹಾಗೇ ಕಾಪಾಡಿದ ಕೈ ಅದು. ಈಗ ಅವರ ಹತ್ತಿರ ಇದ್ದದ್ದು ಯಾವ ಅಂಜಲಿಗಿಂತಲೂ ಬೆಲೆಬಾಳುವ ವಸ್ತು. ಕೆಳಗಿನ ಚೀಲದ ಸುತ್ತ ಐಸು ಒತ್ತಿದರು, ಉಪ್ಪು ಎರಚಿದರು. ರಟ್ಟಿನ ಮೇಲಿದ್ದ ನಮಗೂ ಒಂದಿಷ್ಟು ಸಿಕ್ಕಿತು. ಪ್ರೀತಿಯಿಂದ ಮಾಡಿದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಹೆದ್ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತು ಗಾಡಿಗಳೆಲ್ಲ ಸಾಲುಗಟ್ಟಿದವು. ಪೆಟ್ಟಿಗೆಯೊಳಗೆ ಚಳಿ ಕೆಳಗಿನಿಂದ ಏರಿತು. ಕೆಳಗಿನ ಚೀಲದಲ್ಲಿ ನಡೆದದ್ದು ನನಗೆ ತಿಳಿಯುತ್ತಿತ್ತು. ಮೊದಲು ಕಣಗಳ ಹೊರಗಿನ ನೀರು ಹರಳುಗಟ್ಟುತ್ತದೆ. ಹರಳು ಉಪ್ಪನ್ನು ಹತ್ತಿರ ಸೇರಿಸುವುದಿಲ್ಲ. ಉಳಿದ ನೀರಿನಲ್ಲಿ ಉಪ್ಪು ದಟ್ಟವಾಗುತ್ತದೆ. ಆ ಉಪ್ಪು ಕಣಗಳೊಳಗಿನ ನೀರನ್ನು ನೀರಿನ ಬಾಗಿಲಿನಿಂದಲೇ ಹೀರಿ ತೆಗೆಯುತ್ತದೆ. ಪೊರೆ ಸುಕ್ಕುಗಟ್ಟುತ್ತದೆ, ಹರಳಿನ ಮೊನೆಗಳು ಚುಚ್ಚುತ್ತವೆ. ಮತ್ತೆ ಕರಗುವಾಗ ನೀರು ಒಮ್ಮೆಲೇ ಒಳಗೆ ನುಗ್ಗುತ್ತದೆ. ಸುಕ್ಕಾದ ಪೊರೆಗೆ ಹಿಗ್ಗಲು ಶಕ್ತಿ ಇರುವುದಿಲ್ಲ. ನಮ್ಮ ಚೀಲದ ತಳದಲ್ಲೂ ಚಳಿ ಆ ಗೆರೆಯ ಹತ್ತಿರಕ್ಕೆ ಬಂದಿತ್ತು. ನನ್ನ ಎಣ್ಣೆ ಗಟ್ಟಿಯಾಗಿ, ಬಾಲಗಳು ಒಂದಕ್ಕೊಂದು ಒತ್ತಿಕೊಂಡವು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಲಚ್ಚಕ್ಕ ಕೈ ಹಾಕಿದರು. ಪೆಟ್ಟಿಗೆಯಲ್ಲಿರುವುದನ್ನು ನಡುನಡುವೆ ಒತ್ತಿ ನೋಡುವುದು ಅವರಿಗೆ ಅಭ್ಯಾಸ. ನಮ್ಮ ಚೀಲ ಮೆತ್ತಗೆ ಜಗ್ಗಿತು. ಕೆಳಗಿನದಕ್ಕೆ ಬೆರಳು ಹೋಯಿತು. ಅದು ಒಂದು ಮಗ್ಗುಲಾಗಿ ಕಲ್ಲಿನಂತಿತ್ತು.

"ಸುರೇಂದ್ರ, ಇದ್ ಕಲ್ಲಾಯಿತ್ತ್" ಎಂದರು.

"ಕರಗಿದ್ರೆ ಸಮ ಆತ್ತಲ್ದಾ?"

"ಕಲ್ಲಾದ್ ಮೀನ್ ಕರಗಿದ್ರೆ ಎಂತಾತ್ತ್ ಅಂದೇಳಿ ನಿಂಗೊತ್ತಿಲ್ಯಾ?"

ಸುರೇಂದ್ರನಿಗೆ ಗೊತ್ತಿತ್ತು. ಕಲ್ಲಾದ ಮೀನು ಕರಗಿದಾಗ ನೀರು ಬಿಡುತ್ತದೆ, ಮಾಂಸ ಪಿಸುಕಾಗುತ್ತದೆ. ಮೀನಿನಲ್ಲೂ ಇರುವುದು ನಾವು ಪೊರೆಗಳೇ, ಒಡೆಯುವುದೂ ನಾವೇ. ಲಚ್ಚಕ್ಕ ಉಪ್ಪಿನ ಐಸನ್ನೆಲ್ಲ ರಸ್ತೆಗೆ ಚೆಲ್ಲಿದರು. ನಮ್ಮನ್ನು ಒದ್ದೆ ಬೈರಾಸಿನ ಬಟ್ಟೆಯಲ್ಲಿ ಸುತ್ತಿ, ರಕ್ತನಿಧಿಯವರ ಪ್ಯಾಕುಗಳ ಜೊತೆಗಷ್ಟೇ ಮತ್ತೆ ಪೆಟ್ಟಿಗೆಯಲ್ಲಿಟ್ಟರು. ಇನ್ನೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಗಾಡಿಗಳು ಸರಿಯತೊಡಗಿದ ಮೇಲೆ ಸುರೇಂದ್ರ ಮೆಲ್ಲಗೆ ಹೇಳಿದ. "ಹೇಳುಕೆ ಹೋಗ್ಬೇಡಿ ಲಚ್ಚಕ್ಕ. ಕರಗಿದ್ ಮೇಲೆ ಕೆಂಪಿಗೇ ಇತ್ತ್ ಕಾಣಿ. ನಾಳೆ ಎಂತಾರೂ ಆದ್ರೆ, ಅತ್ತೆ ಸೊಸೆನ ಕೊಂದ್ಳ್ ಅಂದೇಳಿ ಇಡೀ ಬಂದರ್ ಹೇಳುತ್ತ್."

ಲಚ್ಚಕ್ಕ ಮಡಿಲಿನ ಚೀಲವನ್ನು ಮತ್ತೊಮ್ಮೆ ಒತ್ತಿ ನೋಡಿದರು. ಅವನು ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಹೆದರಿದವರ ಬಾಯಿಂದ ಬರುವ ಮಾತು ಅದು.

ಆಸ್ಪತ್ರೆ ತಲುಪುವ ಹೊತ್ತಿಗೆ ಆ ಚೀಲ ಪೂರ್ತಿ ಕರಗಿತ್ತು. ನೋಡಲು ನಮಗಿಂತ ಚೆಂದ. ಗಾಜಿನ ಹಾಗೆ ಹೊಳೆಯುವ, ಆಚೆಗಿನ ಬೆಳಕು ಕಾಣುವಂಥ ಕೆಂಪು. ನಾವೋ ಮಂದ, ಮಸುಕು. ಒಡೆದ ಕಣಗಳು ಹೊಳೆಯುತ್ತವೆ, ಒಡೆಯದ ಕಣಗಳು ಬೆಳಕನ್ನು ತಡೆಯುತ್ತವೆ. ನರ್ಸ್ ಓಡಿ ಬಂದು, ಲಚ್ಚಕ್ಕನ ಮಡಿಲಿನದನ್ನೇ ಮೊದಲು ಕೈಗೆ ತೆಗೆದುಕೊಂಡರು. ಅದನ್ನು ಜಲಜಳ ಮೈಗೆ ಬಿಟ್ಟಿದ್ದರೆ ಒಡೆದ ಕಣಗಳಿಂದ ಸೋರಿದ ಕೆಂಪು ಬಣ್ಣವೆಲ್ಲ ಹೋಗಿ ಮೂತ್ರಪಿಂಡವನ್ನು ಕೆಡಿಸಿಬಿಡುತ್ತಿತ್ತು. ಈಗಾಗಲೇ ಬರಿದಾದ ಮೈ ಅದನ್ನು ತಾಳುತ್ತಿರಲಿಲ್ಲ.

"ಡಾಕ್ಟ್ರಮ್ಮ, ಅದ್ ಹಾಕುಕಾಗ, ಹಾಕ್ಬೇಡಿ" ಎಂದರು ಲಚ್ಚಕ್ಕ. ವಾರ್ಡಿನಲ್ಲಿದ್ದವರೆಲ್ಲ ತಿರುಗಿದರು. "ಐಸಿಗೆ ಉಪ್ಪ್ ಹಾಕಿ ನಾನೇ ಅದನ್ನ ಕಲ್ಲ್ ಮಾಡ್ದೆ. ಈಗ ಕರಗಿತ್ತ್, ಅಷ್ಟೇ."

ಡಾಕ್ಟರ್ ವತ್ಸಲಾ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಬೈಯಲಿಲ್ಲ. ಬೈಯಲು ಸಮಯವಿರಲಿಲ್ಲ. "ಇನ್ನೊಂದು?" ಎಂದು ಕೇಳಿದರು.

"ಅದೂ ಅದ್ರ ಒಟ್ಟಿಗೇ ಇತ್ತ್. ಮೇಲ್‌ಗಡೆ. ಒತ್ತಿ ಕಂಡೆ, ಮೆತ್ತಗಿತ್ತ್. ಒಳ್ಗೆ ಹ್ಯಾಂಗಿತ್ತ್ ನಂಗೊತ್ತಿಲ್ಲೆ."

ಈಗ ಎಲ್ಲರ ಕಣ್ಣೂ ನಮ್ಮ ಮೇಲೆ. ನಾವೂ ಒಡೆದಿದ್ದರೆ ಜಲಜಳಿಗೆ ಸಂಜೆಯವರೆಗೆ ಕೊಡಲು ಏನೂ ಇಲ್ಲ. ಚೀಲದ ಬಾಲದಂಥ ನಳಿಕೆಯಲ್ಲಿ ನಮ್ಮವರೇ ಕೆಲವರು ಇದ್ದರು. ಆ ತುಂಡನ್ನು ಕತ್ತರಿಸಿ, ರಕ್ತವನ್ನು ಸಣ್ಣ ಗಾಜಿನ ಕೊಳವೆಗೆ ಹಾಕಿ, ಗಿರಗಿರನೆ ತಿರುಗಿಸುವ ಯಂತ್ರದಲ್ಲಿಟ್ಟರು. ತಿರುಗಿಸಿದಾಗ ಕಣಗಳು ತಳಕ್ಕೆ ಕೂರುತ್ತವೆ, ನೀರು ಮೇಲೆ ನಿಲ್ಲುತ್ತದೆ. ಮೇಲಿನ ನೀರು ಕೆಂಪಾಗಿದ್ದರೆ ಪೊರೆಗಳು ಒಡೆದಿವೆ ಎಂದು ಅರ್ಥ.

ಲಚ್ಚಕ್ಕ ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಂತಿದ್ದರು. ಅವರ ಕೈಯಲ್ಲಿ ಇನ್ನೂ ಉಪ್ಪು ಅಂಟಿಕೊಂಡಿತ್ತು. ಯಂತ್ರ ನಿಂತಿತು. ಡಾಕ್ಟರು ಕೊಳವೆಯನ್ನು ಎತ್ತಿ ಹಿಡಿದರು. ತಳದಲ್ಲಿ ಕೆಂಪು. ಅದರ ಮೇಲೆ ತಿಳಿ ಹಳದಿ ನೀರು.

"ಒಡೆದಿಲ್ಲ" ಎಂದರು ಡಾಕ್ಟರು. "ಬೇಗ ಹಾಕಿ ಸಿಸ್ಟರ್."

ಆ ಹಳದಿಯನ್ನು ನಾನು ಮರೆಯಲಾರೆ. ಎಣ್ಣೆಯ ಎರಡು ಸಾಲು, ಒಂದು ಬಲೆಯ ಹೆಣಿಗೆ, ಕಣ್ಣಿಗೂ ಕಾಣದ ದಪ್ಪ. ಅಷ್ಟರಿಂದ ನಾವು ಆ ಚಳಿಯನ್ನು ತಡೆದಿದ್ದೆವು. ನನ್ನ ಬಗ್ಗೆ ನನಗೇ ಬೆರಗಾಯಿತು. ಜಂಬ ಎನ್ನುವುದಾದರೆ ಎನ್ನಿ.

ಜಲಜಳ ಮೈಯೊಳಗೆ ಇಳಿದಾಗ ನಾನು ಕಂಡದ್ದು ಬೇರೆಯೇ ಲೋಕ. ಹೆನ್ರಿಯವರ ಅಗಲವಾದ ಹೆದ್ದಾರಿಗಳಲ್ಲ. ನಾಳಗಳು ಜೋತುಬಿದ್ದಿದ್ದವು, ಹೃದಯ ಹೆದರಿದ ಹಕ್ಕಿಯಂತೆ ಬಡಿದುಕೊಳ್ಳುತ್ತಿತ್ತು. ಇದ್ದ ಕೆಲವೇ ಕಣಗಳು ಓಡಿ ಓಡಿ ಸುಸ್ತಾಗಿದ್ದವು. ಅವಳ ರಕ್ತದ ಕಾವಲು ಕಣಗಳು ನನ್ನ ಮೈ ಸವರಿದವು. ಪರೀಕ್ಷೆಯಾಯಿತು, ನಮ್ಮವನೇ ಎಂದಾಯಿತು, ದಾರಿ ಬಿಟ್ಟವು. ನಾನು ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡು ಮಿದುಳಿಗೆ ಹೋದೆ. ಅಲ್ಲಿ ಒಂದು ನರಕೋಶ ಉಸಿರಿಗೆ ಹಪಹಪಿಸುತ್ತಿತ್ತು. ನನ್ನ ಆಮ್ಲಜನಕ ನನ್ನನ್ನು ದಾಟಿ, ನಾಳದ ಗೋಡೆಯನ್ನು ದಾಟಿ, ಅದರ ಪೊರೆಯನ್ನೂ ದಾಟಿತು.

ನರದ ಪೊರೆ ನನ್ನ ದೂರದ ಬಂಧು. ನಾನು ಉಪ್ಪನ್ನು ಹೊರಗಿಡುವುದರಲ್ಲೇ ಬದುಕು ಸವೆಸಿದವನು. ಅದು ಉಪ್ಪನ್ನು ಹೊರಗಿಟ್ಟು, ಹೊತ್ತು ನೋಡಿ ಬಾಗಿಲುಗಳನ್ನು ಪಟಪಟನೆ ತೆರೆದುಬಿಡುತ್ತದೆ. ಉಪ್ಪು ಒಳಗೆ ನುಗ್ಗುತ್ತದೆ, ಪಕ್ಕದ ಬಾಗಿಲು ತೆರೆಯುತ್ತದೆ, ಅದರ ಪಕ್ಕದ್ದು, ಅದರ ಪಕ್ಕದ್ದು. ನೀವು ಯೋಚನೆ ಎಂದು ಕರೆಯುವುದು ಇದನ್ನೇ. ನೋವು, ಹೆಸರು, ನೆನಪು ಎಲ್ಲ ಹೀಗೇ ಓಡುವುದು. ನಾನು ನೋಡನೋಡುತ್ತಿದ್ದಂತೆ ಸುಮ್ಮನಿದ್ದ ಆ ಪೊರೆಯ ಮೇಲೆ ಒಂದು ಅಲೆ ಎದ್ದು ಓಡಿತು. ಅದರ ಹಿಂದೆ ಸಾವಿರ, ಲಕ್ಷ ಅಲೆಗಳು. ಹೊರಗೆ ಜಲಜ ಕಣ್ಣು ತೆರೆದಿದ್ದಳು.

"ಮಗು ಎಲ್ಲಿತ್ತ್ ಅತ್ತೆ?" ಎಂದು ಕೇಳಿದಳು.

ಲಚ್ಚಕ್ಕ ಅಳುತ್ತ ಕೆಳಗೇ ಕೂತರು. ಸಂಜೆಗೆ ಉಳಿದ ಚೀಲಗಳೂ ಬಂದವು. ಅಪಾಯ ದಾಟಿತು.

ಆಮೇಲಿನ ವಾರಗಳಲ್ಲಿ ನನ್ನ ಪಂಪುಗಳು ಮತ್ತೆ ಚುರುಕಾದವು. ಬೋಟು ದಡಕ್ಕೆ ಬಂತು, ಮಗ ಬಂದ. ಅವನ ಮುಂದೆ, ಮೀನು ಮಾರುಕಟ್ಟೆಯ ಮುಂದೆ, ನೋಡಲು ಬಂದ ಎಲ್ಲರ ಮುಂದೆ ಲಚ್ಚಕ್ಕ ತಾವೇ ಈ ಕಥೆ ಹೇಳಿದರು. ಬೇರೆಯವರು ಹೇಳುವವರೆಗೆ ಕಾಯಲಿಲ್ಲ. ಆದರೆ ಮನೆಯಲ್ಲಿ ಅವರು ಜಲಜಳ ಕಣ್ಣು ತಪ್ಪಿಸುತ್ತಿದ್ದರು. ಒಂದು ದಿನ ಬಾಣಂತಿಯ ಮೈಗೆ ಎಣ್ಣೆ ಹಚ್ಚುತ್ತಿದ್ದಾಗ ಜಲಜ ಅವರ ಕೈಯನ್ನು ಹಿಡಿದು ನಿಲ್ಲಿಸಿದಳು.

"ಉಪ್ಪ್ ಹಾಕಿದ್ದ್ ನೀವೇ, ಹೌದ್. ನೀವ್ ಅದನ್ನ ಹೇಳ್ದೇ ಇದ್ದಿದ್ರೆ ನಾ ಇರ್ತಿರ್ಲಿಲ್ಲೆ. ಅದನ್ನೂ ಹೇಳಿ ಎಲ್ಲರ ಹತ್ರ."

ಲಚ್ಚಕ್ಕ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಓಡುವಾಗಲೆಲ್ಲ ಮೈಯ ಚೂರುಗಳು ಉದುರಿ ನಾನು ಕುಗ್ಗಿದ್ದೇನೆ, ಬಿಗಿಯಾಗಿದ್ದೇನೆ. ಒಳಸಾಲಿನಲ್ಲೇ ಇರಬೇಕಾದ ಒಂದು ಜಾತಿಯ ಎಣ್ಣೆಕಣಗಳು ಹೊರಸಾಲಿಗೆ ಬಂದು ನಿಂತಿವೆ. ನಮ್ಮಲ್ಲಿ ಅದು, ನನ್ನ ಕೆಲಸ ಮುಗಿಯಿತು, ತೆಗೆದುಕೊಳ್ಳಿ ಎಂಬ ಸೂಚನೆ. ಹೊಟ್ಟೆಯ ಎಡಬದಿಯಲ್ಲಿ ರಕ್ತ ಸೋಸುವ ಗುಲ್ಮದ ಕಿರಿದಾದ ಸಂದಿಯಲ್ಲಿ ಸಿಕ್ಕಿಕೊಂಡಿದ್ದೇನೆ. ಹಿಂದಿನ ಸಲ ಹೇಗೋ ನುಸುಳಿದ್ದೆ, ಈ ಸಲ ಆಗುತ್ತಿಲ್ಲ. ಮುದಿ ಕಣಗಳನ್ನು ನುಂಗಿ ಬಿಚ್ಚಿಹಾಕುವ ದೊಡ್ಡ ಕೋಶವೊಂದು ನನ್ನ ಮೈಯನ್ನು ತಡವುತ್ತಿದೆ. ಅದರ ಸ್ಪರ್ಶ ಒರಟಾಗಿಲ್ಲ.

ಅದು ನನ್ನನ್ನು ಬಿಚ್ಚಿದ ಮೇಲೆ ನನ್ನ ಎಣ್ಣೆ ವ್ಯರ್ಥವಾಗುವುದಿಲ್ಲ. ಅದರಲ್ಲಿ ಒಂದೆರಡು ಚೂರಾದರೂ ರಕ್ತದಲ್ಲಿ ತೇಲಿ ಜಲಜಳ ಎದೆಯನ್ನು ಸೇರಬಹುದು. ಅಲ್ಲಿ ನಡೆಯುವ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಎಲ್ಲ ಪೊರೆಗಳೂ ತಮ್ಮನ್ನು ಕಾಪಾಡಿಕೊಂಡು ಬದುಕುತ್ತವೆ. ಹಾಲು ಮಾಡುವ ಕೋಶದ ಪೊರೆ ಮಾತ್ರ ಹಾಗಲ್ಲ. ಕೊಬ್ಬಿನ ಹನಿಯೊಂದನ್ನು ಹಾಲಿಗೆ ಬಿಡುವಾಗ ಅದು ತನ್ನದೇ ಒಂದು ತುಂಡನ್ನು ಹರಿದು, ಹನಿಗೆ ಹೊದಿಸಿ ಕಳಿಸುತ್ತದೆ. ಪ್ರತಿ ಹನಿಗೂ ಹಾಗೆಯೇ. ತಾಯಿಯ ಹಾಲು ಎಂದರೆ ತಾಯಿಯೇ ಚೂರುಚೂರಾಗಿ ಹೊರಗೆ ಬರುವುದು.

ಹೊರಗೆ ಮಗು ಅಳುತ್ತಿದೆ. ಲಚ್ಚಕ್ಕ ಅದನ್ನು ಎತ್ತಿಕೊಂಡು ಬರುತ್ತಿದ್ದಾರೆ.

"ತಕೋ, ಹಶು ಆಯಿತ್ತ್ ಇದ್ಕೆ" ಎನ್ನುತ್ತಾರೆ.

ಕೊಡುವುದಕ್ಕೆ ತಾಯಿ ಇದ್ದಾಳೆ. ಮಗು ಕುಡಿಯುತ್ತಿದೆ.